ಮೇಷ್ಟ್ರ ಮನೆಯ ಗುಂಡು

ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರಿಗೆ ಏರ್ ರೈಫಲ್ಲಿನ ಹುಚ್ಚು. ಅಂಗಡಿಯ ಗುಂಡು ಒಂದರ ತೂಕ ಇನ್ನೊಂದಕ್ಕಿಲ್ಲವೆಂದು ಸಿಟ್ಟಾಗಿ, ಹಿತ್ತಲಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ತಾವೇ ಗುಂಡು ಮಾಡತೊಡಗಿದರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದರದ್ದೇ ಪಾಠ.

ಒಂದು ಸಂಜೆ ಖಾಕಿ ತೊಟ್ಟವನೊಬ್ಬ ಬಾಗಿಲು ತಟ್ಟಿದ.

"ಮನೇಲೇ ಗುಂಡು ಮಾಡ್ತೀರಂತೆ ಮೇಷ್ಟ್ರೇ. ಬೀದಿಯವರೆಲ್ಲ ಹೇಳ್ತಾರೆ."

ಮೇಷ್ಟ್ರು ಒಮ್ಮೆ ಹಿತ್ತಲ ಕಡೆ ನೋಡಿದರು. ಲೈಸೆನ್ಸು ಕೇಳಿದರೆ ಏನು ಗತಿ?

"ಸ್ವಂತಕ್ಕೆ ಮಾತ್ರ ಸಾರ್. ಮಾರೋದಿಲ್ಲ."

"ಸ್ಟ್ರಾಂಗಾ?"

"ಎಲ್ಲಾ ಅಳತೆ ಮೇಲೆ ಸಾರ್. ಸ್ವಲ್ಪ ಕಮ್ಮಿಯಾದ್ರೆ ಗಾಳಿಗೆ ಓಲಾಡುತ್ತೆ. ಜಾಸ್ತಿಯಾದ್ರೆ ಮೂವತ್ತು ಹೆಜ್ಜೆ ಹೋಗೋದ್ರೊಳಗೆ ನೆಲ ಕಚ್ಚುತ್ತೆ."

"ಅನುಭವ ಇದೆ ಬಿಡಿ," ಎಂದು ಖಾಕಿಯವನು ಗಂಭೀರವಾಗಿ ತಲೆದೂಗಿದ. "ತೆಗೀರಿ, ನೋಡೇಬಿಡೋಣ."

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದುಕೊಂಡ ಮೇಷ್ಟ್ರು ಗುಂಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಅವನು ಟೋಪಿ ತೆಗೆದಿಟ್ಟು, ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತಿದ್ದ. ಮುಚ್ಚಳ ತೆಗೆಯದೆಯೇ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಗಲಗಲ ಅಲುಗಿಸಿದ.

"ನೆಂಚಿಕೊಳ್ಳೋಕೆ ಕಡ್ಲೆಬೀಜ ಸಾಕು ಮೇಷ್ಟ್ರೇ, ಗ್ಲಾಸು ತನ್ನಿ."