ಬಲಗಡೆಯ ಕುಳಿಗಳು

"ಇದೂ ಬಲಗಡೆಗೇನಾ ಮೇಡಂ?" ಬಾವುಟದ ಕೋಲು ಹಿಡಿದು ನಿಂತಿದ್ದ ಹಿರಿಯ ಮಾಲಿ ಕೇಳಿದ.

ಗಾಲ್ಫ್ ಮೈದಾನದ ಮೇಲ್ವಿಚಾರಕಿ ಕುಳಿ ತೋಡುವ ಕೊಳವೆಯನ್ನು ನೆಲಕ್ಕೊತ್ತಿ ತಿರುಗಿಸಿದಳು. ಹುಲ್ಲಿನ ಸಮೇತ ಎದ್ದು ಬಂದ ಮಣ್ಣನ್ನು ನಿನ್ನೆಯ ಕುಳಿಗೆ ತುಂಬಿ, ಕಾಲಿನಿಂದ ತಟ್ಟಿ ಸಮ ಮಾಡಿದಳು. ಪಂದ್ಯದ ದಿನ ಪ್ರತಿ ಕುಳಿಯೂ ತನ್ನ ಸುತ್ತಲಿನ ನುಣುಪು ಹುಲ್ಲಿನ ಅಂಗಳದೊಳಗೇ ಜಾಗ ಬದಲಿಸಬೇಕು. ಎಲ್ಲಿಗೆ ಎನ್ನುವುದು ಅವಳಿಗೆ ಬಿಟ್ಟದ್ದು, ಬೇರೆ ಯಾರೂ ತಲೆ ಹಾಕುವುದಿಲ್ಲ. ಮಕ್ಕಳ ಪಂದ್ಯಗಳ ಸರಣಿ ಊರೂರು ಸುತ್ತಿ ಕೊನೆಗೆ ಇಲ್ಲಿಗೆ ಬಂದಿತ್ತು. ಎಲ್ಲ ಪಂದ್ಯಗಳ ಅಂಕ ಕೂಡಿಸಿ ಮೊದಲ ಎಂಟು ಮಕ್ಕಳನ್ನು ಫೈನಲ್‌ಗೆ ಆರಿಸುತ್ತಾರೆ. ಈಗ ಎಂಟನೆಯವಳು ಅವಳ ಮಗಳೇ.

ಹುಡುಗಿ ಹೊಡೆದ ಚೆಂಡು ಗಾಳಿಯಲ್ಲಿ ಎಡಕ್ಕೆ ಬಾಗುತ್ತದೆ. ಕುಳಿ ಎಡಗಡೆಗಿದ್ದರೆ ಚೆಂಡು ತಾನಾಗಿಯೇ ಹೋಗಿ ಅದರ ಮಗ್ಗುಲಲ್ಲಿ ಕೂರುತ್ತದೆ. ಬಲಗಡೆಗಿದ್ದರೆ ಹೆಣಗಾಟ, ಕೈ ತಪ್ಪಿದರೆ ಮರಳುಗುಂಡಿ. ಇದು ಮಾಲಿಗೂ ಗೊತ್ತಿತ್ತು.

"ಬೇರೆ ದಿನ ಎಡಕ್ಕಷ್ಟು ಬಲಕ್ಕಷ್ಟು ಇಡ್ತಿದ್ರಿ. ಇವತ್ತೇನು ಮಗು ಮೇಲೆ ಹಗೆನಾ?"

"ಎಡಕ್ಕೆ ಒಂದಿಟ್ರೂ ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ ಅಣ್ಣ. ಮಗಳಿಗೆ ಅಂತಾನೇ ತೋಡಿದ್ಲು ಅಂತಾರೆ."

ಜನ ಎಂದರೆ ಮತ್ಯಾರೂ ಅಲ್ಲ, ದುರ್ಬೀನು ಹಿಡಿದು ಟೆಂಟಿನ ಕೆಳಗೆ ಕೂರುವ ಅಪ್ಪಂದಿರು. ಮಕ್ಕಳು ಆಡುವಷ್ಟು ಹೊತ್ತೂ ತಂದೆತಾಯಿ ಅವರೊಂದಿಗೆ ಮಾತಾಡುವಂತಿಲ್ಲ ಎಂಬ ನಿಯಮ ಬಂದ ಮೇಲೆ ಆ ಮಹಾಶಯರು ಮಾತನ್ನೆಲ್ಲ ಕೂಡಿಟ್ಟುಕೊಂಡು ಸಂಘಟಕನ ಕಿವಿಗೆ ಸುರಿಯುತ್ತಿದ್ದರು. ಅವರ ಸಹವಾಸವೇ ಬೇಡವೆಂದು ಮೇಲ್ವಿಚಾರಕಿ ಹುಲ್ಲು ಕತ್ತರಿಸುವ ಯಂತ್ರಗಳ ಷೆಡ್ಡು ಸೇರಿ, ಆಗಲೇ ಹರಿತವಾಗಿದ್ದ ಬ್ಲೇಡುಗಳನ್ನು ಮತ್ತೆ ಮಸೆಯುತ್ತ ಕೂತಳು.

ಸಂಜೆ ಸಂಘಟಕನೇ ಷೆಡ್ಡಿಗೆ ಬಂದ. "ಒಬ್ಬರಾದ್ರೂ ತಕರಾರು ತೆಗೀಲಿಲ್ಲ ನೋಡಿ. ನಿಮ್ಮ ಮಗಳೂ ಒಂದೇ ಒಂದು ಅಂಕದಲ್ಲಿ ಎಂಟನೇ ಸ್ಥಾನ ಉಳಿಸ್ಕೊಂಡ್ಲು." ಬೆಳಗಿನಿಂದ ಹೊತ್ತಿದ್ದ ಭಾರ ಇಳಿದಂತಾಗಿ ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಅಷ್ಟರಲ್ಲಿ ಮಗಳು ಬಂದು ಬಾಗಿಲಲ್ಲೇ ಕೂತು, ಶೂ ಬಿಚ್ಚಿ ಮರಳು ಸುರಿದಳು. "ತಗೋ, ನಿನ್ನ ಮೈದಾನದ ಆಸ್ತಿ. ಇನ್ನೊಂದು ಶೂನಲ್ಲೂ ಇದೆ."

"ಫೈನಲ್‌ಗೆ ಹೋದೆಯಲ್ಲೇ, ಅಷ್ಟು ಸಾಕು ಬಿಡು."

"ಮೂರನೇ ಕುಳಿ ಹೊತ್ತಿಗೇ ಗೊತ್ತಾಯ್ತಮ್ಮ, ಎಲ್ಲಾ ಬಲಗಡೆಗೇ ಅಂತ."

"ನನ್ನ ಮಗಳಿಗೆ ಅನುಕೂಲ ಮಾಡ್ಕೊಟ್ಟೆ ಅಂತ ಯಾರೂ ಅನ್ನಬಾರದಿತ್ತು ಕಣೇ."

"ಅನ್ನಲಿಲ್ಲ. ನನ್ನ ಜೊತೆ ಆಡಿದ್ಲಲ್ಲ, ಆ ಉದ್ದ ಜಡೆಯವಳು? ಅವಳ ಚೆಂಡು ಬಲಕ್ಕೇ ಬಾಗೋದು. ಏಳನೇ ಸ್ಥಾನದಲ್ಲಿದ್ದವಳು ಮೂರಕ್ಕೆ ಬಂದ್ಲು. ದಾರಿಯುದ್ದಕ್ಕೂ 'ನಿಮ್ಮಮ್ಮಂಗೆ ಥ್ಯಾಂಕ್ಸ್ ಹೇಳು' ಅಂತಾನೇ ಇದ್ಲು."

ಅಮ್ಮ ಕೈಯಲ್ಲಿದ್ದ ಬ್ಲೇಡನ್ನು ಕೆಳಗಿಟ್ಟಳು. ಮೈದಾನದಲ್ಲಿ ಅಷ್ಟೊಂದು ಮಕ್ಕಳಿದ್ದರು. ಕುಳಿ ತೋಡುವಾಗ ಅವಳ ಕಣ್ಣ ಮುಂದೆ ಇದ್ದದ್ದು ಒಂದೇ ಮಗು. ಮುಖ ಸಪ್ಪಗಾದದ್ದನ್ನು ನೋಡಿ ಮಗಳು ಪಕ್ಕಕ್ಕೆ ಸರಿದು ಬಂದು, ಬೆವರಿನ ತಲೆಯನ್ನು ಅಮ್ಮನ ತೋಳಿಗೆ ಒರಗಿಸಿದಳು.

"ಫೈನಲ್ಲೂ ಇಲ್ಲೇ ತಾನೆ? ಅವತ್ತು ಕುಳಿ ತೋಡುವಾಗ ನನ್ನ ಮರ್ತುಬಿಡಮ್ಮ, ಅಷ್ಟೇ."

ಅಮ್ಮ ಮಗಳ ಕೂದಲಿಗೆ ಅಂಟಿದ್ದ ಹುಲ್ಲಿನ ಎಸಳು ತೆಗೆದಳು.

"ಅದೊಂದು ನನ್ನ ಕೈಲಾಗಲ್ಲ ಕಣೇ. ಬೇರೆ ಯಾರಾದ್ರೂ ತೋಡಲಿ."