ಮರವಿಲ್ಲದ ಮನೆಗೆ ಗರಗಸ

ಮೂರು ಅಂಗಡಿ ಅಲೆದು, ಇದ್ದುದರಲ್ಲೇ ಅಗ್ಗದ ಮರ ಕೊಯ್ಯುವ ಮಷಿನ್ ಒಂದನ್ನು ರುದ್ರಪ್ಪ ಮನೆಗೆ ತಂದ. ಹೆಂಡತಿ ನೀಲಮ್ಮ ಅಂಗಳದಲ್ಲಿ ಎಂದಿನಂತೆ ಪಕ್ಕದ ಮನೆಯ ಬಾದಾಮಿ ಮರದ ಎಲೆ ಗುಡಿಸುತ್ತಿದ್ದಳು.

"ನಮ್ಮನೇಲಿ ತುಳಸಿ ಗಿಡ ಬಿಟ್ರೆ ಇನ್ನೇನಿದೆ ಅಂತ ಇದನ್ನ ತಂದ್ರಿ?"

ರುದ್ರಪ್ಪ ದಿನಾ ಸಂಜೆ ಕಾಂಪೌಂಡ್ ಗೋಡೆಯ ಮೇಲೇ ಮಷಿನ್ ಇಟ್ಟುಕೊಂಡು, ಚೈನಿನ ಹಲ್ಲಿಗೆಲ್ಲ ಅರ ಹಾಕಿದ, ಎಣ್ಣೆ ಬಿಟ್ಟ, ಒರೆಸಿದ.

ನಾಲ್ಕನೇ ದಿನ ಪಕ್ಕದ ಮನೆಯವನು ಗೋಡೆಯಾಚೆಯಿಂದ ಕೇಳಿದ, "ರುದ್ರಣ್ಣ, ಒಂದೇ ಒಂದು ದಿನಕ್ಕೆ ಕೊಡ್ತೀರಾ?"

ರುದ್ರಪ್ಪ ಎಣ್ಣೆ ಡಬ್ಬಿಯ ಸಮೇತ ಕೊಟ್ಟುಬಿಟ್ಟ.

ನೀಲಮ್ಮ ರೇಗಿದಳು. "ಆ ಮನುಷ್ಯ ಒಯ್ದ ಏಣಿ, ಹಾರೆ ಇವತ್ತಿಗೂ ವಾಪಸ್ ಬಂದಿಲ್ಲ. ಹೊಸ ಮಷಿನ್ ಯಾಕೆ ಕೊಟ್ರಿ?"

"ಅವನ ಮನೇಲಿ ಕೊಯ್ಯೋಕೆ ಇರೋದು ಅದೊಂದೇ ಮರ ಕಣೇ."