ಎಡಗಡೆಯ ಮೂಲೆ

“ಆ ಎಡಗಡೆ ಮೂಲೆ ಯಾವಾಗ ಮಾರಾಯ?” ರಘುಪತಿ ಮೂರನೇ ಸಲ ಕೇಳಿದ.

“ಅದು ಕೊನೇಲಿ ಸಾರ್,” ಎಂದ ಮಾರಪ್ಪ, ತಲೆ ಎತ್ತದೆ.

ಕೊಪ್ಪದಲ್ಲಿ ಕಾರು ತೊಳೆಯುವ ಮಾರಪ್ಪನ ಶೆಡ್ಡಿಗೆ ರಘುಪತಿ ಬಂದಾಗ ಒಂಬತ್ತು ಗಂಟೆ. ಈಗ ಹತ್ತೂವರೆ. ಹನ್ನೆರಡಕ್ಕೆ ಶೃಂಗೇರಿಯಲ್ಲಿ ಹೆಂಡತಿಯ ತಮ್ಮ ಅರುಣನ ನಿಶ್ಚಿತಾರ್ಥ. ಮದುಮಗ ಹೋಗಬೇಕಾದದ್ದು ಇದೇ ಕಾರಿನಲ್ಲಿ.

ತಪ್ಪು ಅರುಣನದೇ. ನಿನ್ನೆ ನೆಂಟರನ್ನು ಕರೆಯಲೆಂದು ಕಾರು ಒಯ್ದವನು ಕತ್ತಲಾದ ಮೇಲೆ ತಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಯಾರೂ ಹೇಳದೆ, ಒಂದು ಡಬ್ಬಿ ಪಾಲಿಶ್ ಪೂರ್ತಿ ಮೆತ್ತಿದ. ಒರೆಸುವಷ್ಟರಲ್ಲಿ ಬಿಸಿಲೇರಿ ಅದು ಒಣಗಿ ಕೂತಿತು. ಕಡುನೀಲಿಯ ಮೇಲೆಲ್ಲ ಬಿಳಿ ಸುತ್ತುಗಳು, ಬಾಗಿಲ ಸಂದಿಯಲ್ಲಿ ಬಿಳಿ ಪುಡಿ. ರಘುಪತಿಯೇ ಅರ್ಧ ಗಂಟೆ ಉಜ್ಜಿ ಕೈಸೋತು ಇಲ್ಲಿಗೆ ತಂದಿದ್ದ.

ಬಂದ ಕೂಡಲೆ ಮಾರಪ್ಪ ಕಾರಿಗೆ ಒಂದು ಸುತ್ತು ಬಂದ. ಮುಂದಿನ ಎಡದೀಪದ ಬಳಿ ಕುಕ್ಕರಗಾಲಲ್ಲಿ ಕೂತ.

“ಗಾಡಿ ನಿನ್ನೆ ಎಲ್ಲಿಗೆ ಹೋಗಿತ್ತು ಸಾರ್?”

“ನಮ್ಮ ಬಾಮೈದ ಮುತ್ತಿನಕೊಪ್ಪಕ್ಕೆ ತಗೊಂಡು ಹೋಗಿದ್ದ. ಎಂತಕ್ಕೆ?”

“ಸುಮ್ನೆ ಕೇಳ್ದೆ.”

ಬ್ರಶ್ ತರುತ್ತೇನೆಂದು ಒಳಗೆ ಹೋದವನು ಹತ್ತು ನಿಮಿಷ ಬರಲಿಲ್ಲ. ಫೋನಿನಲ್ಲಿ ಆಡಿದ ಮಾತು ಹೊರಗೆ ಕೇಳಿಸಿತು: “ಬೇಗ ಬನ್ನಿ, ನನ್ನೊಬ್ಬನ ಕೈಲಿ ಎಷ್ಟೊತ್ತು ಅಂತ ಆಗ್ತದೆ.” ಕೆಲಸಕ್ಕೆ ಇನ್ನೊಬ್ಬ ಬರುತ್ತಾನೆಂದು ರಘುಪತಿಗೆ ತುಸು ಸಮಾಧಾನವಾಯಿತು.

ಯಾರೂ ಬರಲಿಲ್ಲ. ಮಾರಪ್ಪ ಮದುವೆಯ ಅಕ್ಕಿ ಆರಿಸುವವರ ನಿಧಾನದಲ್ಲಿ ಕೆಲಸ ಮಾಡಿದ. ಒದ್ದೆ ಬಟ್ಟೆ ಒತ್ತಿ ಹಿಡಿದು ಪಾಲಿಶ್ ನೆನೆಸುವುದು, ಒರೆಸುವುದು, ಹಿಂಡುವುದು, ಮತ್ತೆ ಒತ್ತುವುದು. ಬಾನೆಟ್ ಕನ್ನಡಿಯಾಯಿತು. ಬಾಗಿಲುಗಳು ಹೊಳೆದವು. ಹೊಳೆದದ್ದನ್ನೇ ಇನ್ನೊಮ್ಮೆ ಒರೆಸಿದ. ಎಡಮೂಲೆಯ ಬಿಳಿ ಕಲೆ ಮಾತ್ರ ಹಾಗೇ ಇತ್ತು. ರಘುಪತಿ ಹಲ್ಲು ಕಡಿದ. ಇವನ ಕಣ್ಣು ನೋಡಿದರೆ ಕೆಂಡ. ರಾತ್ರಿ ಚೆನ್ನಾಗಿ ಕುಡಿದಿರಬೇಕು.

ಮೊಬೈಲ್ ಹೊಡೆದುಕೊಂಡಿತು. ಹೆಂಡತಿ ದಿವ್ಯ.

“ಇನ್ನೂ ಆಗ್ಲಿಲ್ವಾ? ಅರುಣ ಕೂತಲ್ಲಿ ಕೂರ್ತಿಲ್ಲ. ಮುಂದಿನ ಎಡಗಡೆ ದೀಪದ ಕೆಳಗೆ ಸರಿಯಾಗಿ ಉಜ್ಜಿಸ್ಬೇಕಂತೆ. ಅದನ್ನೇ ಎಷ್ಟು ಸಲ ಹೇಳ್ತಾನೋ.”

ರಘುಪತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಬಕೆಟ್ಟಿನಿಂದ ಬಟ್ಟೆ ಎತ್ತಿಕೊಂಡು ಎಡಮೂಲೆಯ ಕಡೆ ನಡೆದ.

“ನೀನು ಬಿಡು. ನಾನೇ ಉಜ್ತೀನಿ.”

ಮಾರಪ್ಪನ ಒದ್ದೆ ಕೈ ಅವನ ಮಣಿಕಟ್ಟನ್ನು ಹಿಡಿಯಿತು. ಬಿಗಿಯಾಗಿಯೇ ಹಿಡಿಯಿತು.

“ಬೇಡ ಸಾರ್. ಅದಕ್ಕೆ ಬೇರೆಯವ್ರು ಬರ್ತಿದಾರೆ.”

“ಬೇರೆಯವ್ರು ಬರೋ ಹೊತ್ತಿಗೆ ಮುಹೂರ್ತ ಮುಗಿದಿರ್ತದೆ. ನಿಂಗೆ ಕೆಲಸ ಬರಲ್ಲ ಅಂತ ಮೊದಲೇ ಹೇಳ್ಬಾರ್ದಾಗಿತ್ತಾ?”

ಮಾರಪ್ಪ ಕೈ ಬಿಡಲಿಲ್ಲ. ಅವನ ನೋಟ ರಸ್ತೆಯ ಮೇಲಿತ್ತು.

ಶೆಡ್ಡಿನ ಮುಂದೆ ಜೀಪೊಂದು ನಿಂತಿತು. ಇಳಿದವರು ಇಬ್ಬರು ಪೊಲೀಸರು. ರಘುಪತಿಯನ್ನು ಮಾತಾಡಿಸದೆ ನೇರವಾಗಿ ಎಡದೀಪದ ಬಳಿ ಹೋಗಿ ಬಗ್ಗಿದರು.

“ಎಂತ ಮಾರಪ್ಪ ಇದು?” ರಘುಪತಿ ಕೇಳಿದ.

“ಪಾಲಿಶ್ ಎಲ್ಲ ತೆಗ್ದಿದೀನಿ ಸಾರ್,” ಎಂದ ಮಾರಪ್ಪ, ಅವನ ಕೈ ಬಿಡುತ್ತ. “ಅಲ್ಲಿ ಉಳಿದಿರೋದು ನಿನ್ನೆ ಮುತ್ತಿನಕೊಪ್ಪದ ರಸ್ತೇಲಿ ಯಾರೋ ಗುದ್ದಿ ಬಿಟ್ಟುಹೋದ ನನ್ನ ತಂಗಿ ಗಂಡನ ಸ್ಕೂಟರಿನ ಬಣ್ಣ.”